ಬಿಸಿಲಿನಲ್ಲಿ ಬಿದ್ದವರು

ಮೋಟಾರ್ ಸೈಕಲ್ಲಿನ ಬಣ್ಣ ಕಪ್ಪು ಎಂದೆ ನಾನು. ಸುಂಟಿಕೊಪ್ಪದ ಚಹಾದಂಗಡಿಯ ಕಾಕ ಹಸಿರು ಎಂದ. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದ, ನಮ್ಮ ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ಹಳೆಯ ರೈಟರು ಇಬ್ಬರನ್ನೂ ನೋಡಿ, "ಬಣ್ಣ ಕಂಡವರು ಯಾರು ಮಾರಾಯ್ರೇ? ಆರು ತಿಂಗಳು ಕೆಸರು, ಆರು ತಿಂಗಳು ಧೂಳು" ಎಂದರು.

ಆ ಮೋಟಾರ್ ಸೈಕಲ್ಲಿನ ಸ್ಕೂಲ್ ಇನ್ಸ್‌ಪೆಕ್ಟರು ಮಡಿಕೇರಿಯಲ್ಲಿ ತೀರಿಕೊಂಡ ಸುದ್ದಿಯನ್ನು ಆ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ತಂದಿದ್ದ. ಅವನಿಗೆ ಹೆಸರು ಗೊತ್ತಿರಲಿಲ್ಲ. "ಅದೇ, ಸ್ಕೂಲ್ ನೋಡಕ್ಕೆ ಹೀಗೆ ಹೋಗ್ತಿದ್ರಲ್ಲ" ಎಂದು ಬಲಗೈಯ ಮೊಣಕೈಯನ್ನು ಹೆಗಲ ಮಟ್ಟಕ್ಕೆ ಎತ್ತಿ ತೋರಿಸಿದ, ಕೋಳಿ ಒಂದೇ ರೆಕ್ಕೆ ಬಿಚ್ಚಿದ ಹಾಗೆ. ಅಂಗಡಿಯಲ್ಲಿದ್ದವರಿಗೆಲ್ಲ ಅರ್ಥವಾಯಿತು. ಹೆಸರಿಗಿಂತ ಮೊಣಕೈ ಹೆಚ್ಚು ಕಾಲ ಉಳಿದ ಮನುಷ್ಯನ ಬಗ್ಗೆ ಬರೆಯುವಾಗ ನಾನೂ ಹೆಸರು ಹೇಳುವುದಿಲ್ಲ.

"ಎಂಥಾ ಮಳೆಗೂ ನಿಂತ ಆಳಲ್ಲ ಅದು" ಎಂದ ಕಾಕ. "ಕಕ್ಕಡ ತಿಂಗಳ ಮಳೇಲಿ ಕಾಗೆ ಹಾರಲ್ಲ, ಇವ್ರು ಹೋಗೋರು. ಬಿದ್ದದ್ದು ಒಂದೇ ಸಲ. ಅದೂ ಎಲ್ಲಿ? ಒಣಗಿದ ರೋಡಲ್ಲಿ. ಒಳ್ಳೇ ಬಿಸಿಲಲ್ಲಿ."

ಎಲ್ಲರೂ ನಕ್ಕರು. ಪ್ರೀತಿಯ ನಗುವೇ. ರೈಟರು ಮಾತ್ರ ನಗದೆ ನನ್ನ ಮುಖ ನೋಡಿದರು. ನಾನು ಗ್ಲಾಸಿನ ತಳ ನೋಡಿದೆ.

ಆಗ ಕೊಡಗು ತನ್ನಷ್ಟಕ್ಕೆ ಒಂದು ರಾಜ್ಯ. ಭೂಪಟದಲ್ಲಿ ಹೆಬ್ಬೆರಳಿಟ್ಟರೆ ಮುಚ್ಚಿಹೋಗುವಷ್ಟು ರಾಜ್ಯ, ಆದರೆ ಅದಕ್ಕೂ ಮಂತ್ರಿಗಳಿದ್ದರು, ಇಲಾಖೆಗಳಿದ್ದವು. ಶಾಲೆಗಳನ್ನು ತಪಾಸಣೆ ಮಾಡುವ ಇನ್ಸ್‌ಪೆಕ್ಟರಿಗೆ ಅದು ಹೆಮ್ಮೆಯ ಸಂಗತಿಯೂ ತಮಾಷೆಯ ಸಂಗತಿಯೂ ಆಗಿತ್ತು. "ದೆಹಲಿಯವರಿಗೆ ಇಂಥ ಅದೃಷ್ಟ ಎಲ್ಲಿದೆ ಮೇಷ್ಟ್ರೇ? ನಾನು ಶಿರಂಗಾಲದಲ್ಲಿ ಬೆಳಗಿನ ಕಾಫಿ ಕುಡಿದು ಹೊರಟರೆ ಕತ್ತಲಾಗೋದರೊಳಗೆ ಇಡೀ ರಾಜ್ಯ ಮುಗಿದುಹೋಗಿರುತ್ತೆ" ಎನ್ನುತ್ತಿದ್ದರು.

ಮೋಟಾರ್ ಸೈಕಲ್ಲು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ಅದರ ಮೇಲೆ ಕೂರುತ್ತಿದ್ದವರು ಮಡಿಕೇರಿಯ ಅರ್ಚಕರ ಮನೆತನದ ಎತ್ತರದ, ಸಣಕಲು ಆಸಾಮಿ. ಕಚ್ಚೆಪಂಚೆ, ಮುಚ್ಚುಗೊರಳಿನ ಕೋಟು, ಕರಿಟೋಪಿ, ಕಾಲಿಗೆ ಮಾತ್ರ ಸಿಪಾಯಿಯ ಬೂಟು. ಮಳೆಗಾಲದಲ್ಲಿ ಇದೆಲ್ಲದರ ಮೇಲೆ ಒಂದು ರಬ್ಬರ್ ಶೀಟು. ನಡುವೆ ತೂತು ಕೊರೆದು ತಲೆ ತೂರಿಸಿಕೊಳ್ಳುತ್ತಿದ್ದರು. ಹ್ಯಾಂಡಲಿಗೆ ಜಿಗಣೆಗೆಂದು ಉಪ್ಪಿನ ಗಂಟು. ಹಿಂದೆ ತೆಂಗಿನ ನಾರಿನ ಹಗ್ಗ, ರಸ್ತೆಗೆ ಬಿದ್ದ ಕೊಂಬೆ ಕಡಿಯಲು ಕತ್ತಿ, ಮತ್ತು ಒಂದು ತಗಡಿನ ಡಬ್ಬ. ಡಬ್ಬದೊಳಗೆ ಒಣಗಿದ ಪಂಚೆ, ಒಣಗಿದ ಕೋಟು.

ಅವರು ಮಳೆಯನ್ನು ಪ್ರೀತಿಸುತ್ತಿದ್ದರು ಎಂದು ಈಗ ಹೇಳುವವರಿದ್ದಾರೆ. ಸತ್ತವರಿಗೆ ನಾವು ಇಂಥ ಪ್ರೀತಿಗಳನ್ನು ಹಂಚುತ್ತೇವೆ. ನಾನು ಕಿವಿಯಾರೆ ಕೇಳಿದ್ದೇನೆ, ಅವರು ಮಳೆಯನ್ನು ಬೈಯುತ್ತಿದ್ದರು. ಶಾಲೆಯ ಬಾಗಿಲಲ್ಲಿ ನಿಂತು ಕಿವಿಯಿಂದ ನೀರು ತೆಗೆಯುತ್ತ, ಅರ್ಚಕರ ಮನೆತನಕ್ಕೆ ಒಪ್ಪದ ಮಾತುಗಳಲ್ಲಿ ಬೈಯುತ್ತಿದ್ದರು. ಬೈದು ಮುಗಿಸಿ ಒದ್ದೆ ಕೋಟನ್ನು ಗೂಟಕ್ಕೆ ನೇತುಹಾಕಿ, ಬಾಗಿಲ ಹಿಂದೆ ಹೋಗಿ ಬಟ್ಟೆ ಬದಲಾಯಿಸಿ, ಒಣಗಿದ ಮನುಷ್ಯನಾಗಿ ಹೊರಗೆ ಬಂದು, "ನಮಸ್ಕಾರ ಮಕ್ಕಳೇ" ಎನ್ನುತ್ತಿದ್ದರು. ಅಲ್ಲಿಯವರೆಗೆ ಅವರು ಬಂದೇ ಇಲ್ಲ ಎಂದು ಎಲ್ಲರೂ ನಟಿಸಬೇಕು. ಮಕ್ಕಳು ಗೋಡೆ ನೋಡುತ್ತಿದ್ದವು. ಅವರು ಹೋಗುತ್ತಿದ್ದ ಪ್ರತಿ ಶಾಲೆಯಲ್ಲೂ ಅಂಥದೊಂದು ಗೂಟವಿತ್ತು. ಅದಕ್ಕೆ ಇನ್ನೇನನ್ನೂ ಯಾರೂ ನೇತುಹಾಕುತ್ತಿರಲಿಲ್ಲ.

ಶಿರಂಗಾಲದ ಕತೆಯನ್ನು ಅವರೇ ಹೇಳಿದ್ದು. ನನಗೆ ಎರಡು ಸಲ ಹೇಳಿ, ಎರಡು ಸಲವೂ ಬೇರೆ ಬೇರೆಯಾಗಿ ಮುಗಿಸಿದರು. ಕಾವೇರಿ ತುಂಬಿದೆ. ದಡದಲ್ಲಿ ಹರಿಗೋಲು, ಹರಿಗೋಲಿನವನು, ಇವರು, ಮೋಟಾರ್ ಸೈಕಲ್ಲು. ಹರಿಗೋಲಿನವನು ಯಂತ್ರದ ಸುತ್ತ ಒಂದು ಸುತ್ತು ಬಂದ.

"ಸ್ವಾಮಿ, ಇದು ಕುಂತ್ಕತದೋ, ನಿಂತ್ಕತದೋ?"

"ಮಲಗಿಸಬೇಕಪ್ಪ."

"ಮಲಗಿದ್ಮ್ಯಾಕೆ ಮಗ್ಗುಲು ಬದಲಾಯಿಸಲ್ವಷ್ಟೆ?"

"ನಾನು ಹಿಡ್ಕೊಂಡಿರ್ತೀನಿ."

"ನಿಮ್ಮನ್ಯಾರು ಹಿಡ್ಕತಾರೆ?"

ಮೊದಲ ಸಲ ಹೇಳಿದಾಗ ಅವರು ಯಂತ್ರವನ್ನು ತಬ್ಬಿಕೊಂಡು ಆಚೆ ದಡ ಸೇರಿದ್ದರು. ಎರಡನೆಯ ಸಲ, ಹರಿಗೋಲಿನವನು ಒಪ್ಪದೆ, ಅವರು ದಡದಲ್ಲೇ ಯಂತ್ರ ಬಿಟ್ಟು ಹೋಗಿ ಬಂದಿದ್ದರು. ಯಾವುದು ನಿಜ ಎಂದು ಕೇಳಿದೆ. "ಹೊಳೆ ನಿಜ" ಎಂದರು.

ನಾನು ಆಗ ಸುಂಟಿಕೊಪ್ಪದಿಂದ ಒಳಗಿನ ಒಂದು ಎಸ್ಟೇಟಿನ ಶಾಲೆಯಲ್ಲಿ ಒಬ್ಬನೇ ಮೇಷ್ಟ್ರು. ಶಾಲೆ ಇಲಾಖೆಯದು, ಕಟ್ಟಡ ಎಸ್ಟೇಟಿನದು: ಕಾಫಿ ಒಣಗಿಸುವ ಕಣದ ಪಕ್ಕದ ಹಳೆಯ ಗೋಡೌನು. ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ, ಮಕ್ಕಳು ಓದುವವರು. ಮನೆಯಲ್ಲಿ ತಮಿಳೋ ಮಲಯಾಳವೋ ತುಳುವೋ ಆಡಿ, ನನ್ನ ಹತ್ತಿರ ಕನ್ನಡ ಕಲಿಯುವ ಮಕ್ಕಳು. ಅವರಿಗೆ ನಡೆದುಹೋಗುವಷ್ಟು ಹತ್ತಿರ ಬೇರೆ ಶಾಲೆ ಇರಲಿಲ್ಲ. ಸುಂಟಿಕೊಪ್ಪಕ್ಕೆ ಹೋಗುವ ಹಾದಿಯಲ್ಲಿ ಆನೆ ಇಳಿಯುತ್ತಿತ್ತು.

ಈ ಶಾಲೆಗೆ ಎರಡು ಮುಖ. ಜೂನಿನಲ್ಲಿ ಮಳೆ ಹಿಡಿದ ಮೇಲೆ ತೋಟದಲ್ಲಿ ಮಕ್ಕಳಿಗೆ ಕೆಲಸವಿಲ್ಲ. ಲೈನಿನ ಮನೆಗಳಲ್ಲಿ ಹೊಗೆ, ತೇವ. ಎಲ್ಲವೂ ಶಾಲೆಗೆ ಬಂದು ತುಂಬಿಕೊಳ್ಳುತ್ತಿದ್ದವು. ಸುಗ್ಗಿಯ ಪುತ್ತರಿ ಹಬ್ಬ ಕಳೆದು ಕಾಫಿ ಹಣ್ಣು ಕೆಂಪಾಗಿ ಕೊಯ್ಲು, ಅಂದರೆ ಪಿಕ್ಕಿಂಗ್, ಶುರುವಾದರೆ ಅಪ್ಪ ಅಮ್ಮನ ಜೊತೆ ಅವೂ ಬುಟ್ಟಿ ಹಿಡಿದು ತೋಟಕ್ಕೆ ಹೋಗುತ್ತಿದ್ದವು. ನನ್ನ ಹತ್ತಿರ ಉಳಿಯುತ್ತಿದ್ದದ್ದು ಬುಟ್ಟಿ ಎತ್ತಲಾರದ ನಾಲ್ಕಾರು ಚಿಳ್ಳೆಗಳು. ಮೇಲಿನ ಅಧಿಕಾರಿಗಳು ಮಳೆಗಾಲದಲ್ಲಿ ಪ್ರವಾಸ ಮಾಡುತ್ತಿರಲಿಲ್ಲ. ಅವರು ಹೊರಡುತ್ತಿದ್ದದ್ದು ರಸ್ತೆ ಒಣಗಿದ ಮೇಲೆ, ಜನವರಿಯಲ್ಲಿ. ಅಂದರೆ ಶಾಲೆ ಇರುವಾಗ ನೋಡುವವರಿಲ್ಲ, ನೋಡುವವರು ಬಂದಾಗ ಶಾಲೆ ಇಲ್ಲ.

ಇನ್ಸ್‌ಪೆಕ್ಟರು ವರ್ಷವಿಡೀ ಓಡಾಡುತ್ತಿದ್ದದ್ದು ಈ ಕಾರಣಕ್ಕೆ. "ಮಳೇಲಿ ಮಕ್ಕಳು ಬರ್ತವೆ. ನಾನು ಬರಬಾರದಾ?" ಎನ್ನುವುದು ಅವರ ಪ್ರಶ್ನೆ. ಮಳೆಯಲ್ಲಿ ಬಂದಾಗ ಅವರು ಕಟ್ಟುನಿಟ್ಟು. ಸೂರಿನ ಮೇಲೆ ಮಳೆ ಬಾರಿಸುತ್ತಿದ್ದರೂ ಮಗು ಗಟ್ಟಿಯಾಗಿ ಓದಬೇಕು, ಕೇಳಿಸದಿದ್ದರೆ ಮತ್ತೆ. ನನಗೂ ಬೈಗುಳ ಸಿಗುತ್ತಿತ್ತು. ಜನವರಿಯಲ್ಲಿ ಬಂದರೆ ಬೇರೆಯೇ ಮನುಷ್ಯ. ಮೇಲಿನ ತಿರುವಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಇಂಜಿನ್ನನ್ನು ಗುಡುಗಿಸುತ್ತ ಸುಮಾರು ಹೊತ್ತು ನಿಲ್ಲುತ್ತಿದ್ದರು. ಟೋಪಿ ಸರಿಮಾಡಿಕೊಳ್ಳುವುದು, ಬೂಟಿನ ದಾರ ಬಿಚ್ಚಿ ಕಟ್ಟುವುದು. ಅಷ್ಟರಲ್ಲಿ ಲೈನಿನಲ್ಲಿ ಹಸುಗೂಸುಗಳನ್ನು ನೋಡಿಕೊಳ್ಳುತ್ತಿದ್ದ, ಎಲ್ಲರೂ ಅಜ್ಜಿ ಎಂಬರ್ಥದಲ್ಲಿ ಪಾಟಿ ಎನ್ನುತ್ತಿದ್ದ ಮುದುಕಿ ಅಂಗಳಕ್ಕೆ ಬಂದು, ತೋಟದ ಕಡೆ ಕೈಯೆತ್ತಿ, "ಗುಡುಗುಡು ವರುದು, ಗುಡುಗುಡು ಬಂತು, ಓಡಿಬನ್ನಿ" ಎಂದು ಕೂಗುತ್ತಿದ್ದಳು. ಗಿಡಗಳ ನಡುವಿನಿಂದ ಮಕ್ಕಳು ಉದುರುತ್ತಿದ್ದವು. ಇನ್ಸ್‌ಪೆಕ್ಟರು ಕೆಳಗೆ ಬರುವಷ್ಟರಲ್ಲಿ ಶಾಲೆ ತುಂಬಿರುತ್ತಿತ್ತು. ಏದುಸಿರು ಬಿಡುವ ಶಾಲೆ. ಅವರು ಯಾರನ್ನೂ ಏನೂ ಕೇಳದೆ ಹಾಜರಿಯ ಗುರುತು ಹಾಕಿಕೊಂಡು ಹೊರಡುತ್ತಿದ್ದರು. ಈ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ.

ಒಂದು ವರ್ಷ ಇಲಾಖೆಗೆ ಹೊಸ ದೊಡ್ಡ ಸಾಹೇಬರು ಬಂದರು. ಗುಂಡಗಿನ, ಚುರುಕು ಕಣ್ಣಿನ ಮನುಷ್ಯ. ಕೆಟ್ಟವರೇನಲ್ಲ. ಓದದ ಮಕ್ಕಳ ಹೆಸರಿನಲ್ಲಿ ಶಾಲೆ ನಡೆಸುವುದು ಮೋಸ ಎಂದು ನಂಬಿದ್ದರು. ಆ ನಂಬಿಕೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಇಲಾಖೆಯ ಕಾರು ಕೆಟ್ಟು ಕುಳಿತಿದ್ದರಿಂದ ಅವರು ಇನ್ಸ್‌ಪೆಕ್ಟರ ಹಿಂದಿನ ಸೀಟಿನಲ್ಲಿ ಕೂತೇ ತಪಾಸಣೆಗೆ ಹೊರಟರು. ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನ ಶಾಲೆಯಲ್ಲಿ ಅವರಿಗೆ ಸಿಕ್ಕಿದ್ದು ಮೇಷ್ಟ್ರು ಮತ್ತು ಒಂದು ಹೇಂಟೆ. ಮಕ್ಕಳು ಪಿಕ್ಕಿಂಗ್ ಮಾಡುತ್ತಿದ್ದ ಜಾಗ ದೂರ. ಇಂಜಿನ್ನಿನ ಸದ್ದು ಅಲ್ಲಿಗೆ ಮುಟ್ಟಿರಲಿಲ್ಲ. ಅಲ್ಲೇ ನಿಂತು ಶಾಲೆ ಮುಚ್ಚಿದರು.

ಆ ವಾರ ಇನ್ಸ್‌ಪೆಕ್ಟರು ಸುಂಟಿಕೊಪ್ಪದಲ್ಲಿ ಸಿಕ್ಕರು. ತಗಡಿನ ಡಬ್ಬ ತೆರೆದು, ಪಂಚೆಯ ಮೇಲಿದ್ದ ದಪ್ಪ ಬೀಗದ ಕೈಯನ್ನು ತೋರಿಸಿದರು.

"ಬೀಗ ಹಾಕಿ ಇದನ್ನ ನನ್ನ ಕೈಗೆ ಕೊಟ್ಟರು ಮೇಷ್ಟ್ರೇ. ಮಳೇಲಿ ಹೋದಾಗ ಅಲ್ಲಿ ಕೂರೋಕೆ ಜಾಗ ಇರ್ಲಿಲ್ಲ. ಹೇಳಿದೆ. ಮಳೆಯಲ್ಲಿ ನೋಡಿದೋರು ಯಾರು ಅಂತ ಕೇಳಿದರು. ನಾನು ಅಂದೆ. ಬರೀ ನೀವು ತಾನೇ ಅಂದರು."

ಡಬ್ಬ ಮುಚ್ಚಿದರು. "ನಿಮ್ಮ ಶಾಲೆಗೆ ಯಾವತ್ತು ಅಂತ ಸಾಹೇಬರು ನನಗೂ ಹೇಳಲ್ಲ. ಸುಂಟಿಕೊಪ್ಪಕ್ಕೆ ಬಂದ ಮೇಲೆ ಬಲಕ್ಕೋ ಎಡಕ್ಕೋ ಅಂತ ಹೇಳ್ತಾರಂತೆ."

ಆ ದಿನವನ್ನು ನಾನು ಎಷ್ಟು ಸಲ ನೆನೆದಿದ್ದೇನೆಂದರೆ ಅದರ ಅಂಚುಗಳು ಸವೆದುಹೋಗಿವೆ. ಖಚಿತವಾಗಿ ಉಳಿದಿರುವುದನ್ನಷ್ಟೇ ಬರೆಯುತ್ತೇನೆ. ಬೆಳಿಗ್ಗೆ. ನಾನು ಶಾಲೆಯ ಬಾಗಿಲಲ್ಲಿ ನಿಂತಿದ್ದೆ, ಒಳಗೆ ಚಿಳ್ಳೆಗಳು. ಕಣದ ಮೇಲ್ಗಡೆ, ರಸ್ತೆ ಕೊನೆಯ ಸಲ ತಿರುಗುವಲ್ಲಿ, ಹಣ್ಣು ಸುಲಿಯುವ ಪಲ್ಪರ್ ಯಂತ್ರದಿಂದ ಬಿದ್ದ ಕಾಫಿ ಸಿಪ್ಪೆಯ ದೊಡ್ಡ ರಾಶಿ, ಹುಳಿತು ನಾರುತ್ತಿತ್ತು. ಬೆಟ್ಟದ ಮೇಲಿನಿಂದ ಏನೋ ಇಳಿಯುತ್ತಿರುವುದು ಕಂಡಿತು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ಮೋಟಾರ್ ಸೈಕಲ್ಲು, ಮೇಲೆ ಇಬ್ಬರು, ಆದರೆ ಸದ್ದಿಲ್ಲ. ಸದ್ದಿಲ್ಲದ ಆ ಯಂತ್ರವನ್ನು ಕಂಡು ನನಗೆ ಭಯವಾಯಿತು, ನೀರಿನಲ್ಲಿ ತೇಲಿಬರುವ ಮರವನ್ನು ಕಂಡ ಹಾಗೆ. ಇಂಜಿನ್ ಆರಿಸಿ ಇಳಿಜಾರಿನಲ್ಲಿ ಬಿಟ್ಟಿದ್ದರು. ಪಾಟಿಗೆ ಕೇಳಿಸುವುದಿಲ್ಲ. ತೋಟದಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಕೊನೆಯ ತಿರುವಿನಲ್ಲಿ ಇನ್ಸ್‌ಪೆಕ್ಟರು ನನ್ನ ಕಡೆ ನೋಡಿದರು. ಅಥವಾ ಶಾಲೆಯ ಕಡೆ. ರಸ್ತೆ ಎಡಕ್ಕೆ ತಿರುಗಿತು, ಅವರು ತಿರುಗಲಿಲ್ಲ. ಯಂತ್ರ ನೇರವಾಗಿ ಹೋಗಿ ಸಿಪ್ಪೆಯ ರಾಶಿಗೆ ನುಗ್ಗಿತು. ದೊಡ್ಡ ಸಾಹೇಬರು ಮೆತ್ತಗಿನ ಕಡೆ ಬಿದ್ದರು, ಇನ್ಸ್‌ಪೆಕ್ಟರು ಕಲ್ಲಿನ ಕಡೆ.

ನಾನು ಓಡಿಹೋದಾಗ ಸಾಹೇಬರು ಎದೆಯವರೆಗೆ ಸಿಪ್ಪೆಯಲ್ಲಿ ಕೂತಿದ್ದರು, ಗಾಯವಿಲ್ಲ. ಇನ್ಸ್‌ಪೆಕ್ಟರು ಆಗಲೇ ಎದ್ದಿದ್ದರು. ಬಲಗೈ ಮಣಿಕಟ್ಟಿನಲ್ಲಿ ಇರಬಾರದ ಕಡೆ ಬಾಗಿತ್ತು. ಅವರು ಯಂತ್ರವನ್ನು ಎಡಗೈಯಲ್ಲಿ ಎತ್ತಿ ನಿಲ್ಲಿಸಿ, ಬೂಟುಗಾಲಿನಲ್ಲಿ ಒದ್ದು ಚಾಲೂ ಮಾಡಿದರು. "ಜೀವ ಇದೆಯಾ ನೋಡೋಣ ಸಾರ್" ಎಂದು ಸಾಹೇಬರ ಕಡೆ ಕೂಗಿ, ಆ ಮುರಿದ ಕೈಯ ಮೊಣಕೈ ಎತ್ತಿ, ಅಂಗೈಯಿಂದ ಒತ್ತಿ ಹ್ಯಾಂಡಲು ತಿರುಗಿಸಿ, ಗುಡುಗಿಸಿದರು. ಮತ್ತೆ ಗುಡುಗಿಸಿದರು. ಮುಖ ಬೂದಿಯಾಗಿತ್ತು. ಕೆಳಗೆ ಲೈನಿನಿಂದ ಪಾಟಿಯ ದನಿ ಕೇಳಿಸಿತು.

ಸಾಹೇಬರನ್ನು ರೈಟರ ಮನೆಗೆ ಕರೆದೊಯ್ದು ಬಿಸಿನೀರು ಹಾಕಿದರು. "ಇನ್ನೊಂದು ಚೆಂಬು ಹಾಕಿ, ವಾಸನೆ ಇನ್ನೂ ಉಂಟು" ಎಂದು ರೈಟರು ಆಳಿಗೆ ಹೇಳುತ್ತಲೇ ಇದ್ದರಂತೆ. ಎಷ್ಟು ಚೆಂಬು ಹಾಕಿಸಿದರೋ. ಸಾಹೇಬರು ಸ್ನಾನ ಮುಗಿಸಿ ತಗಡಿನ ಡಬ್ಬದ ಪಂಚೆ ಕೋಟು ಹಾಕಿಕೊಂಡು ಬಂದರು. ಕೋಟಿನ ಗುಂಡಿ ಹೊಟ್ಟೆಗೆ ಮುಟ್ಟುತ್ತಿರಲಿಲ್ಲ, ತೋಳು ಬೆರಳು ದಾಟಿತ್ತು. ಶಾಲೆ ತುಂಬಿತ್ತು. ಇನ್ಸ್‌ಪೆಕ್ಟರು ಕೈಯನ್ನು ಟವೆಲಿನಲ್ಲಿ ಕಟ್ಟಿಸಿಕೊಂಡು ಗೋಡೆಗೆ ಒರಗಿ ಕುಳಿತಿದ್ದರು, ಮೈಯೆಲ್ಲ ಹುಳಿವಾಸನೆ.

"ತಪ್ಪು ನನ್ನದೇ" ಎಂದರು ಸಾಹೇಬರು, ಎಲ್ಲರಿಗೂ ಕೇಳುವಂತೆ. "ಇಂಜಿನ್ ಆರಿಸಿ ಅಂದದ್ದು ನಾನು."

ಆಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳನ್ನು ಎಬ್ಬಿಸಿ ಓದಲು ಹೇಳಿದರು. ಅವಳು ಓದಿದಳು. ಮಳೆಗೆ ಕೇಳಿಸುವ ಹಾಗೆ ಓದಿ ಅಭ್ಯಾಸವಾದವಳು. ಇಡೀ ಗೋಡೌನು ತುಂಬಿತು. ಸಾಹೇಬರು ಅವಳ ಕೈ ನೋಡಿದರು. ಹಣ್ಣಿನ ರಸ ಹತ್ತಿ ಅಂಟಂಟು.

"ಕೈಗೇನಾಗಿದೆ?"

"ಹಣ್ಣು ಕುಯ್ದದ್ದು ಸಾರ್."

"ಯಾವಾಗ?"

"ಇವಾಗ ಸಾರ್."

ಸಾಹೇಬರು ಇನ್ನೂ ಕೈಯನ್ನೇ ನೋಡುತ್ತಿದ್ದರು. "ಮತ್ತೆ ಓದೋಕೆ ಕಲಿತದ್ದು ಯಾವಾಗ?"

"ಮಳೇಲಿ ಸಾರ್."

ಇದು ಅತಿ ಅಚ್ಚುಕಟ್ಟಾಗಿದೆ ಎಂದು ನನಗೇ ಅನ್ನಿಸುತ್ತದೆ. ಮಗು ಅಷ್ಟು ನೇರವಾಗಿ ಹೇಳಿತೇ? ಬಾಗಿಲಲ್ಲಿ ನಿಂತಿದ್ದ ರೈಟರ ಪ್ರಕಾರ ಅವಳು ಕೈ ಬೆನ್ನ ಹಿಂದೆ ಬಚ್ಚಿಟ್ಟು ಅತ್ತಳು, ಮಳೆಯ ಮಾತು ಆಡಿದ್ದು ಇನ್ಸ್‌ಪೆಕ್ಟರು. ಇರಬಹುದು. ಆದರೆ ಮುಂದಿನದರಲ್ಲಿ ನಾವಿಬ್ಬರೂ ಒಂದೇ. ಸಾಹೇಬರು ಇನ್ಸ್‌ಪೆಕ್ಟರ ಕಡೆ ತಿರುಗಿ, "ನೀವು ಮಳೆಗಾಲದಲ್ಲಿ ಇಲ್ಲಿಗೂ ಬರ್ತೀರಾ?" ಎಂದು ಕೇಳಿದರು. ಇನ್ಸ್‌ಪೆಕ್ಟರು ಟವೆಲಿನ ಕೈಯನ್ನು ಎದೆಗೆ ಒತ್ತಿಕೊಂಡರು. ನೋವಿಗೆ ಹಲ್ಲು ಕಚ್ಚಿದ್ದರು. ನಾನು ಗೂಟ ತೋರಿಸಿದೆ. ಬಿಳಿ ಸುಣ್ಣದ ಗೋಡೆಯಲ್ಲಿ ಗೂಟದಿಂದ ನೆಲದವರೆಗೆ ಕಂದು ಬಣ್ಣದ ಕಲೆ ಇಳಿದಿತ್ತು, ಒಂದರ ಮೇಲೊಂದು, ಕೋಟಿನ ಅಗಲಕ್ಕೆ. ವರ್ಷ ವರ್ಷದ ಒದ್ದೆ ಕೋಟು ಸುರಿಸಿದ ನೀರು. ಸಾಹೇಬರು ಹತ್ತಿರ ಹೋಗಿ, ಉದ್ದನೆಯ ತೋಳಿನೊಳಗಿಂದ ಬೆರಳು ಹೊರತೆಗೆದು ಆ ಕಲೆಯನ್ನು ಮುಟ್ಟಿದರು. ಅದು ಒಣಗಿತ್ತು.

"ಮಳೆಗಾಲದಲ್ಲಿ ಬಂದು ನೋಡಬೇಕು" ಎಂದರು. ಯಾರಿಗೆ ಹೇಳಿದರೋ. ಅವರು ಬರಲಿಲ್ಲ, ಆದರೆ ನಮ್ಮ ಶಾಲೆಗೆ ಬೀಗ ಬೀಳಲಿಲ್ಲ.

ಸುಂಟಿಕೊಪ್ಪಕ್ಕೆ ಮಾತ್ರ ಬೇರೆ ಸುದ್ದಿ ಮುಟ್ಟಿತು: ಇನ್ಸ್‌ಪೆಕ್ಟರು ಬಿದ್ದರಂತೆ, ಒಣರಸ್ತೆಯಲ್ಲಂತೆ. ಬೀಳುವುದಿಲ್ಲ ಎನ್ನುವ ಹೆಸರೊಂದೇ ಅವರಿಗಿದ್ದ ಜಂಬ. ಮಳೆಗಾಲದಲ್ಲಿ ಬಸ್ಸು ನಿಂತಾಗ, ಮಿನುಗುವ ಕಣ್ಣಿನಿಂದ ಡ್ರೈವರನ ಪಕ್ಕದಲ್ಲೇ ದಾಟಿಹೋಗುತ್ತಿದ್ದ ಮನುಷ್ಯ. ಈಗ ಅದೇ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, "ಸ್ವಾಮೀ, ಇವತ್ತು ಬಿಸಿಲು ಜಾಸ್ತಿ, ಬಸ್ಸಲ್ಲಿ ಬನ್ನಿ" ಎನ್ನುವಂತಾಯಿತು. ಅವರು ಟೋಪಿ ಮುಟ್ಟಿ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದರು. ಮಣಿಕಟ್ಟು ಕೂಡಿಕೊಂಡಿತು, ತಿರುಗುವುದನ್ನು ಮರೆಯಿತು. ಹ್ಯಾಂಡಲು ತಿರುಗಿಸಲು ಇಡೀ ಮೊಣಕೈ ಎತ್ತಬೇಕು. ಆ ರೆಕ್ಕೆ ಬಂದದ್ದು ಹೀಗೆ.

ಜೂನಿನ ಮೊದಲ ದೊಡ್ಡ ಮಳೆಯಲ್ಲಿ ಬಂದರು. ಮೊಣಕೈ ಮುಂದೆ, ಮನುಷ್ಯ ಹಿಂದೆ. ಬಾಗಿಲಲ್ಲಿ ನಿಂತು ಮಳೆಯನ್ನು ಬೈದರು. ಎಡಗೈಯಿಂದ ಕೋಟನ್ನು ಗೂಟಕ್ಕೆ ಹಾಕಲು ಹೋಗಿ ಮೊದಲ ಸಲ ತಪ್ಪಿತು, ಎರಡನೆಯ ಸಲ ಸಿಕ್ಕಿತು. ಮಕ್ಕಳು ಗೋಡೆ ನೋಡುತ್ತಿದ್ದವು. ಮಳೆಯ ಸದ್ದಿನಲ್ಲಿ ನಮ್ಮ ಮಾತು ಯಾರಿಗೂ ಕೇಳುತ್ತಿರಲಿಲ್ಲ, ಹಾಗಾಗಿ ಕೇಳಿದೆ.

"ಆವತ್ತು ಹೇಗೆ ಬಿದ್ದಿರಿ?"

ಅವರು ಕಿವಿಯ ನೀರು ತೆಗೆದರು. "ಬಿಸಿಲು ಕಣ್ಣಿಗೆ ಹೊಡೀತು ಮೇಷ್ಟ್ರೇ" ಎಂದು ಬಾಗಿಲ ಹಿಂದೆ ಹೋದರು.

ನಂಬಬಹುದಾಗಿತ್ತು. ಆದರೆ ಅವರು ಇಳಿದ ಕಡೆ ನೋಡಲು ನಾನು ಕಣ್ಣಿಗೆ ಕೈ ಅಡ್ಡ ಹಿಡಿದದ್ದು ನೆನಪಿತ್ತು. ಆ ನೆನಪನ್ನು ಆಮೇಲೆ ನಾನೇ ಸೇರಿಸಿಕೊಂಡೆನೇ ಎಂಬ ಅನುಮಾನವೂ ಇತ್ತು. ಮುಂದಿನ ಜನವರಿಯಲ್ಲಿ ಒಂದು ಬೆಳಿಗ್ಗೆ, ಅದೇ ಹೊತ್ತಿಗೆ, ಬೆಟ್ಟದ ಮೇಲಿನ ತಿರುವಿಗೆ ಹತ್ತಿ, ಅಲ್ಲಿಂದ ಅವರು ಇಳಿದ ದಾರಿಯಲ್ಲೇ ಇಳಿದು ಬಂದೆ. ಕೊನೆಯ ತಿರುವಿನಲ್ಲಿ ನಿಂತೆ. ಸಿಪ್ಪೆಯ ರಾಶಿ ಆ ವರ್ಷದ್ದು, ಹೊಸದು. ಕೆಳಗೆ ಶಾಲೆಯ ಬಾಗಿಲು ತೆರೆದಿತ್ತು, ಗೂಟವೂ ಕಾಣಿಸುತ್ತಿತ್ತು.

ಬಿಸಿಲು ನನ್ನ ಬೆನ್ನ ಮೇಲಿತ್ತು.